ದೋರಸಮುದ್ರದ ಕರಣಿಕ ಹರಿಹರದೇವ

ಹಾಸನ ಸೀಮೆಯ ಹಳೇಬೀಡು ಎಂಟುನೂರು ವರ್ಷಗಳ ಹಿಂದೆ ದೋರಸಮುದ್ರವೆಂಬ ಹೆಸರಿನಿಂದ ಹೊಯ್ಸಳ ದೊರೆಗಳ ರಾಜಧಾನಿಯಾಗಿ ಮೆರೆಯುತ್ತಿದ್ದಿತು. ಅಲ್ಲಿಂದ ಹತ್ತು ಮೈಲಿ ದೂರದ ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದನು. ಕೆಲವೇ ವರ್ಷಗಳ ತರುವಾಯ ಅವನ ಅಧಿಕಾರಿಯಾದ ಕೇತಮಲ್ಲನು ದೋರಸಮುದ್ರದಲ್ಲಿ ಹೊಯ್ಸಳೇಶ್ವರನ ಮಹಾಲಯಕ್ಕೆ ಕಾರಣನಾದನು. ಈ ಗುಡಿಗಳನ್ನು ನೋಡಬಂದವರು ಶಿಲ್ಪಿಗಳ ಕೈಚಳಕವನ್ನು ಕೊಂಡಾಡಿ, ಕಟ್ಟಿಸಿದ ದೊರೆಗಳ ಹೆಸರನ್ನು ಕೇಳಿಕೊಂಡು ಹಿಂದಿರುಗುವರು. ಅದೇ ನಗರದ ಕರಣಶಾಲೆಯಲ್ಲಿ ಕುಳಿತು ಅರಮನೆಯ ಆಯವ್ಯಯಗಳನ್ನು ಬರೆಯುತ್ತಿದ್ದ ಒಬ್ಬ ಕರಣಿಕನನ್ನು ಅಲ್ಲಿ ನೆನೆಯುವವರು ವಿರಳ. ಆತನೇ ಮುಂದೆ ಶಿವಶರಣರ ಚರಿತ್ರೆಗಳನ್ನು ಕನ್ನಡದಲ್ಲಿ ಹಾಡಿ ಹಂಪೆಯ ಹರೀಶ್ವರನೆಂದು ನಾಡಿಗೆಲ್ಲ ಮಾನ್ಯನಾದ ಹರಿಹರದೇವನು. ಮನುಷ್ಯನ ಶೀಲವನ್ನು ಅವನ ಕುಲವಾಗಲಿ ಪದವಿಯಾಗಲಿ ಕಟ್ಟಿಕೊಡಲಾರದು. ಅವನು ದಿನದಿನವೂ ಕೈಯಾರೆ ಮಾಡುವ ಕೆಲಸವೂ ಪರರ ನೋವಿಗೆ ಕರಗುವ ಮನಸ್ಸೂ ಅದನ್ನು ತಿದ್ದುತ್ತ ಹೋಗುವುವು. ಈ ಮಾತಿಗೆ ಹರಿಹರದೇವನ ಬಾಳಿನಷ್ಟು ಹತ್ತಿರದ ನಿದರ್ಶನವು ಹೊಯ್ಸಳ ನಾಡಿನಲ್ಲಿ ಇನ್ನೊಂದಿಲ್ಲ.

ಹರಿಹರನು ಹುಟ್ಟಿದುದು ಪಂಪಾಕ್ಷೇತ್ರವಾದ ಹಂಪೆಯಲ್ಲಿ. ತಂದೆ ಮಹಾದೇವ, ತಾಯಿ ಶರ್ವಾಣಿ. ರುದ್ರಾಣಿಯೆಂಬ ಸೋದರಿಯಿದ್ದಳು, ಅವಳನ್ನು ಮಹಾದೇವಭಟ್ಟನಿಗೆ ಕೊಟ್ಟಿದ್ದಿತು. ಆ ದಂಪತಿಗಳ ಮಗನೇ ಷಟ್ಪದಿಯ ಕವಿ ರಾಘವಾಂಕನು. ಹರಿಹರನ ಗುರು ಮಾಯಿದೇವನು. ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವನನ್ನು ಆಶ್ರಯಿಸಿದ ದೊರೆಯ ಹೆಸರು ನರಸಿಂಹನೆಂಬುದರಲ್ಲಿ ಎಲ್ಲರಿಗೂ ಸಮ್ಮತಿಯುಂಟು; ಆದರೆ ಆ ಹೆಸರಿನ ಹೊಯ್ಸಳ ದೊರೆಗಳು ಒಬ್ಬರಿಗಿಂತ ಹೆಚ್ಚು ಮಂದಿ. 1173ರವರೆಗೆ ಆಳಿದ 1ನೆಯ ನರಸಿಂಹನೆಂದು ಕವಿಚರಿತೆಯನ್ನು ಬರೆದ ಆರ್. ನರಸಿಂಹಾಚಾರ್ಯರು ಮೊದಲಾದವರ ಅಭಿಪ್ರಾಯ; 1220ರಲ್ಲಿ ಪಟ್ಟಕ್ಕೆ ಬಂದ ವೀರನರಸಿಂಹನೆಂದು ಬೇರೆ ಕೆಲವರ ವಾದ. ಮೊದಲನೆಯ ಮತವನ್ನು ಹಿಡಿದರೆ ಹರಿಹರನು ಕಲ್ಯಾಣದ ಶರಣರಿಗೆ ಸಮಕಾಲೀನನಾಗುವನು. ಎರಡನೆಯದನ್ನು ಹಿಡಿದರೆ ಅವರನ್ನು ಕಂಡಿದ್ದ ಮುದುಕರ ಬಾಯಿಂದ ಕಥೆಗಳನ್ನು ಕೇಳಬಲ್ಲಷ್ಟು ಹತ್ತಿರದವನಾಗುವನು. ಎರಡರಲ್ಲಿ ಯಾವುದಾದರೂ ಅವನ ಬಾಳಿನ ಸ್ವರೂಪವು ಬೇರೆಯಾಗುವುದಿಲ್ಲ.

ಹಂಪೆಯಿಂದ ದೋರಸಮುದ್ರಕ್ಕೆ ನೇರವಾಗಿ ಎಣಿಸಿದರೂ 150 ಮೈಲಿಗಳಿಗೆ ಕಡಿಮೆಯಿಲ್ಲ. ತುಂಗಭದ್ರೆಯ ದಡದ ಹುಡುಗನು ಅಷ್ಟು ದೂರ ಬಂದು ಸೇರಿದ ಉದ್ಯೋಗವು ಕರಣಿಕತನ. ಅದು ಕೀರ್ತಿಯ ಕೆಲಸವಲ್ಲ. ಆದರೆ ರಾಜ್ಯದ ನಾಡಿಯೆಲ್ಲ ಆ ಕೈಗೆ ಸಿಕ್ಕುವುದು. ಯಾವ ಸುಂಕದಿಂದ ಎಷ್ಟು ಗದ್ಯಾಣ ಬಂದಿತು, ಯಾವ ದೇವಾಲಯಕ್ಕೆ ಎಷ್ಟು ದತ್ತಿ ಹೋಯಿತು, ಯಾರ ಹೊಲದ ಮೇಲೆ ಯಾವ ತೆರಿಗೆ ಬಿದ್ದಿತು, ಇವೆಲ್ಲವೂ ಕರಣಿಕನಿಗೆ ತಿಳಿದಿರುವುವು. ಬರೆಯುವುದಕ್ಕೆ ಕನ್ನಡ ನಾಡಿನ ಲೆಕ್ಕಿಗರು ಬಹುಕಾಲ ಬಳಸಿದ ಸಾಧನವು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟರೆ ಕಡತವಾಗುವುದು. ಅದರ ಮೇಲೆ ಬಳಪದಿಂದ ಬರೆಯುವರು. ಬೇಡವಾದುದನ್ನು ಕೈಯಿಂದ ಉಜ್ಜಿ ಅಳಿಸುವರು. ಹೊಯ್ಸಳ ಶಿಲ್ಪಿಗಳು ಮದನಿಕೆಯರನ್ನೂ ದೇವತೆಗಳನ್ನೂ ಕಡೆದುದು ಇದೇ ಬಳಪದ ಕಲ್ಲಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಒಂದೇ ಕಲ್ಲು ಗುಡಿಯಲ್ಲಿ ಎಂಟು ಶತಮಾನ ಉಳಿಯುವ ರೂಪವಾಯಿತು. ಲೆಕ್ಕಿಗನ ಬೆರಳಲ್ಲಿ ಸಂಜೆಗೆ ಅಳಿಸಿಹೋಗುವ ಅಂಕಿಯಾಯಿತು.

ಹರಿಹರನು ಬಹುಕಾಲ ಈ ಕೆಲಸವನ್ನು ನಿಷ್ಠೆಯಿಂದ ಮಾಡಿದನು. ಆದರೆ ಕೈ ಅರಮನೆಯ ಲೆಕ್ಕದಲ್ಲಿದ್ದರೂ ಮನಸ್ಸು ಹಂಪೆಯಲ್ಲಿದ್ದಿತು. ಲೆಕ್ಕದ ಕೊನೆಯಲ್ಲಿ ವಿರೂಪಾಕ್ಷನ ಹೆಸರನ್ನು ಬರೆಯುತ್ತಿದ್ದನೆಂದೂ, ಇದನ್ನು ಸಹಿಸದವರು ದೊರೆಯ ಕಿವಿಯಲ್ಲಿ ಚಾಡಿ ಹೇಳಿದರೆಂದೂ ಪರಂಪರೆಯಿಂದ ತಿಳಿದುಬರುವುದು. ಒಂದು ದಿನ ಓಲಗದಲ್ಲಿ ಲೆಕ್ಕವನ್ನು ಒಪ್ಪಿಸುತ್ತಿದ್ದಾಗ ಅವನು ಇದ್ದಕ್ಕಿದ್ದಂತೆ ಕೈಗಳನ್ನು ಉಜ್ಜತೊಡಗಿದನು. ಸುತ್ತಲಿದ್ದವರು ಬೆರಗಾದರು. ಕಾರಣವನ್ನು ಕೇಳಿದಾಗ ಹಂಪೆಯಲ್ಲಿ ವಿರೂಪಾಕ್ಷನ ಮುಂದಣ ತೆರೆಗೆ ದೀಪದ ಬೆಂಕಿ ತಗುಲಿತೆಂದೂ ಅದನ್ನು ಆರಿಸುತ್ತಿರುವೆನೆಂದೂ ತಿಳಿಸಿದನು. ದೊರೆಯು ಹಂಪೆಗೆ ಆಳನ್ನು ಕಳುಹಿಸಿ ವಿಚಾರಿಸಲಾಗಿ, ಅದೇ ದಿನ ಅದೇ ಹೊತ್ತಿನಲ್ಲಿ ತೆರೆಗೆ ಬೆಂಕಿ ಬಿದ್ದು ಆರಿದ್ದುದು ನಿಜವೆಂದು ಗೊತ್ತಾಯಿತು. ನರಸಿಂಹನು ಕರಣಿಕನಿಗೆ ತಲೆಬಾಗಿದನು.

ಈ ಕಥೆಯಲ್ಲಿ ಪವಾಡವನ್ನು ನೋಡುವವರು ಅದನ್ನೇ ನೋಡಲಿ. ಅದಕ್ಕಿಂತಲೂ ಗಮನಿಸತಕ್ಕುದು ಮುಂದಿನ ಸಂಗತಿ. ದೊರೆಯ ಅನುಮಾನ ಹರಿದುಹೋಗಿತ್ತು. ಚಾಡಿಕೋರರ ಬಾಯಿ ಕಟ್ಟಿತ್ತು. ಮರ್ಯಾದೆಯು ಮೊದಲಿಗಿಂತ ಇಮ್ಮಡಿಯಾಗಿತ್ತು. ಉದ್ಯೋಗದಲ್ಲಿರುವವನೊಬ್ಬನು ಬಯಸುವುದು ಇದಕ್ಕಿಂತ ಹೆಚ್ಚೇನು? ಹರಿಹರನು ಆ ಗಳಿಗೆಯಲ್ಲಿಯೇ ಅಪ್ಪಣೆ ಬೇಡಿ ಹಂಪೆಗೆ ಹೊರಟನು. ಅವಮಾನಗೊಂಡು ಕೆಲಸ ಬಿಟ್ಟವರು ಲೋಕದಲ್ಲಿ ಬಹಳ ಮಂದಿ. ಮಾನ ಬಂದಾಗ ಬಿಟ್ಟವರು ಬೆರಳೆಣಿಕೆಗೆ ಸಿಕ್ಕುವರು.

ಅವನು ಬಿಟ್ಟುದು ಎಂಥ ಆಸ್ಥಾನವನ್ನು ಎಂಬುದನ್ನು ತಿಳಿಯಬೇಕಾದರೆ ಹೊಯ್ಸಳೇಶ್ವರನ ಗುಡಿಯ ಪಕ್ಕದಲ್ಲಿ ನಿಂತಿರುವ ಕಂಬವನ್ನು ನೋಡಬೇಕು. ಅದು ವೀರಬಲ್ಲಾಳನ ಗರುಡನಾಗಿದ್ದ ಕುವರಲಕ್ಷ್ಮನ ಸ್ಮಾರಕ. ಒಡೆಯನು ಸತ್ತರೆ ತಾನೂ ಬದುಕಿರೆನೆಂದು ಭಾಷೆ ಕೊಟ್ಟವರಿಗೆ ಗರುಡರೆಂದು ಹೆಸರು. 1220ರಲ್ಲಿ ಬಲ್ಲಾಳನು ತೀರಿಕೊಂಡಾಗ ಕುವರಲಕ್ಷ್ಮನೂ ಅವನ ಹೆಂಡತಿಯೂ ಜೊತೆಯ ವೀರರೂ ಪ್ರಾಣವನ್ನೊಪ್ಪಿಸಿದರು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ರೂಪಗಳು ಆ ಕಂಬದ ಮೇಲೆ ಇಂದಿಗೂ ಇವೆ. ದೊರೆಗಾಗಿ ಕೊರಳನ್ನೇ ಕೊಡುವುದು ಪರಮಧರ್ಮವೆಂದು ತಿಳಿದಿದ್ದ ನಗರದಿಂದ ಒಬ್ಬನು ಎದ್ದುಹೋಗಿ, ಶಿವನನ್ನೂ ಶಿವಶರಣರನ್ನೂ ಬಿಟ್ಟು ಇನ್ನಾರನ್ನೂ ಹೊಗಳೆನೆಂದು ವ್ರತ ತೊಟ್ಟನು. ಕವಿಗಳು ಆಶ್ರಯದಾತರನ್ನು ಅರ್ಜುನನಿಗೂ ಭೀಮನಿಗೂ ಹೋಲಿಸಿ ಕಾವ್ಯ ಕಟ್ಟಿ ಬಿರುದು ಪಡೆಯುತ್ತಿದ್ದ ಸಂಪ್ರದಾಯಕ್ಕೆ ಇದು ಸಣ್ಣ ಪೆಟ್ಟಲ್ಲ.

ಹಂಪೆಯಲ್ಲಿ ಹರಿಹರನು ಕೈಗೊಂಡ ಮೊದಲ ಕಾಯಕವು ಹೂವು ತರುವುದು. ವಿರೂಪಾಕ್ಷನ ಪೂಜೆಗೆ ನಸುಕಿನಲ್ಲಿಯೇ ಎದ್ದು ತೋಟವನ್ನು ಹೊಕ್ಕು, ಅರಳಿದ ಹೂಗಳನ್ನಾಯ್ದು, ಮಾಲೆ ಕಟ್ಟಿ ಏರಿಸುವುದು ಅವನ ನಿತ್ಯದ ನೇಮವಾಯಿತು. ಅವನ ಪುಷ್ಪರಗಳೆಯು ಈ ಅನುಭವದಿಂದಲೇ ಹುಟ್ಟಿತು. ಅಲ್ಲಿ ಹೂವಾಡಿಗನಾದ ಭಕ್ತನು ಒಂದೊಂದು ಗಿಡವನ್ನೂ ಮಾತನಾಡಿಸುವನು; ಮಕ್ಕಳನ್ನು ಕರೆದೊಯ್ಯುವವನಂತೆ ಹೂಗಳನ್ನು ಕರೆಯುವನು; ಬಳ್ಳಿಗೆ ನೋವಾಗದಂತೆ ಕೈಯಿಕ್ಕುವನು. ಅಂಕಿಗಳನ್ನು ಬರೆದು ಬರೆದು ಗಟ್ಟಿಯಾಗಿದ್ದ ಬೆರಳುಗಳು ಇಲ್ಲಿ ಮೃದುವಾಗುವುದನ್ನು ಕಲಿತುವು. ದಯೆಯೆಂಬುದು ಒಮ್ಮೆಲೇ ಹೃದಯದಲ್ಲಿ ಉಕ್ಕುವ ವಸ್ತುವೆಂದು ತಿಳಿಯುವವರು ಉಂಟು. ಹರಿಹರನಿಗೆ ಅದು ದಿನವೂ ಬೆಳಗಿನ ಜಾವದಲ್ಲಿ ಅಭ್ಯಾಸ ಮಾಡಿದ ವಿದ್ಯೆಯಾಗಿದ್ದಿತು.

ಆ ಮೇಲೆ ರಗಳೆಗಳು ಬಂದುವು. ತಮಿಳು ನಾಡಿನ ಅರುವತ್ತುಮೂವರು ಪುರಾತನರನ್ನೂ ಕನ್ನಡ ನಾಡಿನ ಶರಣರನ್ನೂ ಕುರಿತು ಅವನು ಹಾಡಿದ ರಗಳೆಗಳು ನೂರಕ್ಕೂ ಮಿಕ್ಕಿವೆ. ಅಲ್ಲಿಯವರೆಗೆ ಕನ್ನಡ ಕಾವ್ಯದಲ್ಲಿ ನಾಯಕನಾಗಲು ಚಕ್ರವರ್ತಿಯಾಗಬೇಕು, ಇಲ್ಲವೇ ತೀರ್ಥಂಕರನಾಗಬೇಕು. ಹರಿಹರನ ಕಾವ್ಯದೊಳಕ್ಕೆ ಕುಂಬಾರನು ಬಂದನು, ಬೇಡನು ಬಂದನು, ಹುಲ್ಲು ಹೊರುವವನು ಬಂದನು. ಕುಂಬಾರ ಗುಂಡಯ್ಯನು ಮಡಕೆಯನ್ನು ಬಡಿಯುವ ಸದ್ದಿಗೆ ಶಿವನು ಕುಣಿಯುವನು. ಚೋಳರಾಜನ ಅರಮನೆಗೆ ಹುಲ್ಲನ್ನು ತರುತ್ತಿದ್ದ ಮಾದಾರ ಚೆನ್ನಯ್ಯನು ಗುಟ್ಟಾಗಿ ಸಮರ್ಪಿಸಿದ ಅಂಬಲಿಯ ಮುಂದೆ ಅರಸನ ನೈವೇದ್ಯವು ಶಿವನಿಗೆ ರುಚಿಸುವುದಿಲ್ಲ. ಕೊನೆಗೆ ಅರಸನೇ ಚೆನ್ನಯ್ಯನ ಕಾಲಿಗೆ ಬೀಳುವನು. ಇವುಗಳಲ್ಲೆಲ್ಲ ಇಳೆಯಾಂಡಗುಡಿಯ ಮಾರನ ರಗಳೆಯು ಓದುವವರ ಎದೆಯನ್ನು ಹಿಡಿದು ನಿಲ್ಲಿಸುವುದು. ಸಿರಿಯೆಲ್ಲ ಕರಗಿ ಉಪವಾಸ ಬಿದ್ದಿದ್ದ ಮಾರನ ಮನೆಗೆ ಮಳೆಯ ಇರುಳಿನಲ್ಲಿ ಹಸಿದ ಜಂಗಮನೊಬ್ಬನು ಬರುವನು. ಮನೆಯಲ್ಲಿ ಕಾಳಿಲ್ಲ. ಗದ್ದೆಗೆ ಬಿತ್ತಿದ್ದ ಬತ್ತದ ಬೀಜವನ್ನು ಮಾರನು ಕತ್ತಲಲ್ಲಿ, ಸುರಿಯುವ ಮಳೆಯಲ್ಲಿ, ತಡಕಿ ಬಾಚಿ ತರುವನು. ಉರಿಸಲು ಒಣಸೌದೆಯಿಲ್ಲದಿರಲು ಸೂರಿನ ಮರವನ್ನೇ ಕಡಿಯುವನು. ಮುಂದಿನ ವರ್ಷದ ಅನ್ನವನ್ನೂ ತಲೆಯ ಮೇಲಣ ನೆರಳನ್ನೂ ಒಂದು ಹೊತ್ತಿನ ಅತಿಥಿಗಾಗಿ ಒಲೆಗೆ ಒಡ್ಡಿದ ಗಂಡಹೆಂಡಿರ ಗಡಿಬಿಡಿಯನ್ನು ಹರಿಹರನು ಬಣ್ಣಿಸುವಾಗ ಅವನೂ ಆ ಮಳೆಯಲ್ಲಿ ನೆನೆದು ನಿಂತಿರುವನೆಂದು ಭಾಸವಾಗುವುದು.

ರಗಳೆಯೆಂದರೆ ಆ ಕಾಲದ ಪಂಡಿತರಿಗೆ ತಾತ್ಸಾರ. ಚಂಪುವನ್ನು ಬರೆಯಲಾರದೆ ರಗಳೆಯನ್ನು ಹಿಡಿದನೆಂದು ಅವರು ಹಳಿದರಂತೆ. ಆಗ ಹತ್ತು ಆಶ್ವಾಸಗಳ ಗಿರಿಜಾಕಲ್ಯಾಣವೆಂಬ ಚಂಪೂಕಾವ್ಯವನ್ನು ಬರೆದು ತೋರಿಸಿದನೆಂದು ಹೇಳಿಕೆಯುಂಟು. ಗಿರಿಜೆಯ ತಪಸ್ಸು, ಕಾಮದಹನ, ರತಿಯ ಪ್ರಲಾಪ, ಕಲ್ಯಾಣ ಇವೆಲ್ಲವೂ ಅಲ್ಲಿ ಪ್ರೌಢಕವಿಗಳು ಮೆಚ್ಚುವಂತೆ ಬಂದಿವೆ. ಪಂಪಾಶತಕ, ರಕ್ಷಾಶತಕ, ಮುಡಿಗೆಯ ಅಷ್ಟಕ ಎಂಬ ಕೃತಿಗಳೂ ಅವನವೇ. ಆದರೂ ಜನರು ಅವನನ್ನು ರಗಳೆಯ ಕವಿಯೆಂದೇ ಕರೆದರು. ಹಳಿದವರ ಮಾತೇ ಕಾಲಕ್ರಮದಲ್ಲಿ ಬಿರುದಾಯಿತು.

ಬಸವರಾಜದೇವರ ರಗಳೆಯಲ್ಲಿ ಹಳೆಯ ಕರಣಿಕನ ಕೈಯ ಗುರುತು ಕಾಣುವುದು. ಆ ಕೃತಿಯು ಪೂರ್ಣವಾಗಿ ದೊರೆತಿಲ್ಲ. ಉಳಿದಿರುವುದು ಹದಿಮೂರು ಸ್ಥಲಗಳು. ಅದನ್ನು ಸಂಶೋಧಿಸಿ ಅಚ್ಚು ಮಾಡಿಸಿದ ಟಿ. ಎಸ್. ವೆಂಕಣ್ಣಯ್ಯನವರ ಉಪಕಾರವನ್ನು ಕನ್ನಡಿಗರು ಮರೆಯಲಾರರು. ಬಸವಣ್ಣನವರು ಮಂಗಳವಾಡಕ್ಕೆ ಬಂದಾಗ ಮೊದಲು ಹೊಕ್ಕುದು ಕರಣಶಾಲೆಯನ್ನು. ಅಲ್ಲಿ ಕರಣಿಕರು ಬರೆಯುತ್ತಿದ್ದ ಲೆಕ್ಕದಲ್ಲಿ ತಪ್ಪನ್ನು ಕಂಡುಹಿಡಿದು ತೋರಿಸಿದುದರಿಂದಲೇ ಸಿದ್ಧದಂಡಾಧಿಪನ ಕಣ್ಣಿಗೆ ಬಿದ್ದರೆಂದು ಹರಿಹರನು ಹೇಳುವನು. ಮುಂದೆ ಭಂಡಾರವನ್ನು ಶರಣರಿಗೆ ಸೂರೆಮಾಡಿದರೆಂದು ಬಿಜ್ಜಳನ ಬಳಿ ದೂರು ಬರುವುದು. ಎಣಿಸಿ ನೋಡಿದರೆ ಒಂದು ಹೊನ್ನೂ ಕಡಿಮೆಯಿರುವುದಿಲ್ಲ. ಚಾಡಿಯ ನೋವು, ಲೆಕ್ಕವನ್ನೊಪ್ಪಿಸುವ ಗಳಿಗೆಯ ಎದೆಬಡಿತ, ಎರಡನ್ನೂ ಸ್ವತಃ ಉಂಡವನು ಬರೆದ ಭಾಗಗಳಿವು. ಇನ್ನೊಂದು ಪ್ರಸಂಗವು ಲೆಕ್ಕಕ್ಕೆ ಸಿಕ್ಕದ್ದು. ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋಗುವರು. ಸುದ್ದಿ ಬಂದಾಗ ಅವರು ಚಿಂತಿಸುವುದು ಹಸುಗಳಿಗಾಗಿ ಅಲ್ಲ, ತಾಯಿಯನ್ನು ಕಾಣದೆ ಅರಚುವ ಕರುಗಳಿಗಾಗಿ. ಆ ಕರುಗಳನ್ನೂ ಕಳ್ಳರಿಗೇ ಒಪ್ಪಿಸಿ ಬರುವಂತೆ ಕಳುಹಿಸುವರು. ಆಯವ್ಯಯದ ಶಾಸ್ತ್ರದಲ್ಲಿ ಇದಕ್ಕೆ ಸ್ಥಾನವಿಲ್ಲ. ಆ ಶಾಸ್ತ್ರವನ್ನು ಬಲ್ಲವನೇ ಇದನ್ನು ಸಂತೋಷದಿಂದ ಬರೆದನು. 1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರವನ್ನು ಮುತ್ತಿತು. ಮುಂದೆ ಆ ನಗರವೇ ಹಾಳಾಗಿ ಹಳೇಬೀಡಾಯಿತು. ಹರಿಹರನು ಅಲ್ಲಿ ಬರೆದ ಲೆಕ್ಕಗಳಲ್ಲಿ ಒಂದು ಸಾಲೂ ಉಳಿಯಲಿಲ್ಲ. ಕರುಗಳ ಕಥೆಯು ತಾಳೆಗರಿಯಲ್ಲಿ ಉಳಿದುಬಂದಿತು.

ಇಷ್ಟಾದರೂ ಹರಿಹರದೇವನಲ್ಲಿ ಕಾಠಿನ್ಯವೇ ಇರಲಿಲ್ಲವೆಂದು ಹೇಳಿದರೆ ಸತ್ಯಕ್ಕೆ ದ್ರೋಹವಾಗುವುದು. ಪರಮತದವರ ವಿಷಯ ಬಂದಾಗ, ಮುಖ್ಯವಾಗಿ ಜೈನರೊಡನೆ ವಾದವಿವಾದಗಳು ನಡೆಯುವ ರಗಳೆಗಳಲ್ಲಿ, ಅವನ ಮಾತು ಕತ್ತಿಯಂತಾಗುವುದು. ಅವನಿದ್ದ ಹೊಯ್ಸಳ ನಾಡಿನ ರೂಢಿಯು ಇದಕ್ಕೆ ಬೇರೆಯಾಗಿದ್ದಿತು. ಹಳೇಬೀಡಿನ ಈಶಾನ್ಯಕ್ಕಿರುವ ಅರಸೀಕೆರೆಯನ್ನು ನೋಡಿದರೆ ಇದು ತಿಳಿಯುವುದು. ಹಿಂದೆ ಕಳಚುರಿಗಳಲ್ಲಿ ಅಧಿಕಾರಿಯಾಗಿದ್ದು ಅನಂತರ ಬಲ್ಲಾಳನನ್ನು ಆಶ್ರಯಿಸಿದ ರೇಚಣನು 1220ರಲ್ಲಿ ಆ ಊರಿನಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು; ನಕ್ಷತ್ರಾಕಾರದ ಮುಖಮಂಟಪದಿಂದ ಹೆಸರಾದ ಅಲ್ಲಿನ ಶಿವಾಲಯವೂ ಸುಮಾರಾಗಿ ಅದೇ ಕಾಲದ್ದು. ಒಂದೇ ಕೆರೆಯ ನೀರು ಎರಡು ಗುಡಿಗಳ ಒಕ್ಕಲಿಗೂ ಹರಿಯುತ್ತಿದ್ದಿತು. ಹರಿಹರನ ಭಕ್ತಿಯು ಇಂಥ ಸಮಾಧಾನದ್ದಲ್ಲ. ಪ್ರವಾಹಕ್ಕೆ ಬಲವೆಷ್ಟೋ ಕೊರೆತವೂ ಅಷ್ಟೇ. ಆ ಕೊರೆತವನ್ನು ಅನುಭವಿಸಿದವನು ಅವನ ಅತ್ಯಂತ ಪ್ರೀತಿಯ ಶಿಷ್ಯನೇ.

ಸೋದರಳಿಯನಾದ ರಾಘವಾಂಕನನ್ನು ಹರಿಹರನು ಬಾಲ್ಯದಿಂದ ಸಾಕಿ ವಿದ್ಯೆ ಕಲಿಸಿದ್ದನು. ಪ್ರಾಯಕ್ಕೆ ಬಂದ ರಾಘವಾಂಕನು ವಾರ್ಧಕ ಷಟ್ಪದಿಯಲ್ಲಿ ಹರಿಶ್ಚಂದ್ರಕಾವ್ಯವನ್ನು ರಚಿಸಿದನು. ಸತ್ಯಕ್ಕಾಗಿ ರಾಜ್ಯವನ್ನು ತೊರೆದು, ಮಡದಿಮಕ್ಕಳನ್ನು ಮಾರಿ, ತಾನು ಸುಡುಗಾಡಿನ ಕಾವಲುಗಾರನಾದ ಅರಸನ ಕಥೆಯದು. ಕೇಳಿದ ವಿದ್ವಾಂಸರು ಮೆಚ್ಚಿ ತಲೆದೂಗಿದರು. ಮಾವನ ಒಪ್ಪಿಗೆಯೊಂದು ಬೇಕಾಗಿದ್ದಿತು. ರಾಘವಾಂಕನು ಹರುಷದಿಂದ ಕಾವ್ಯವನ್ನು ತಂದು ಅವನ ಮುಂದಿಟ್ಟನು. ಶಿವನನ್ನು ಹಾಡುವುದಕ್ಕೆಂದು ಕಲಿಸಿದ ನಾಲಗೆಯಿಂದ ಸಾಯುವ ಮನುಷ್ಯನನ್ನು ಹೊಗಳಿದೆಯೆಂದು ಹರಿಹರನು ಕಿಡಿಕಿಡಿಯಾದನು. ರಾಘವಾಂಕನು ತಗ್ಗಲಿಲ್ಲ; ಸತ್ಯವನ್ನು ಹಾಡುವುದು ಶಿವನನ್ನು ಹಾಡುವುದಕ್ಕೆ ಬೇರೆಯಲ್ಲವೆಂಬುದು ಅವನ ನಿಲುವು. ಮಾತಿಗೆ ಮಾತು ಬೆಳೆದು ಹರಿಹರನು ಹೊಡೆದ ಪೆಟ್ಟಿಗೆ ಅಳಿಯನ ಐದು ಹಲ್ಲುಗಳು ಉದುರಿದುವೆಂದು ಕಥೆ ಹೇಳುವುದು.

ಬಳ್ಳಿಗೆ ನೋವಾಗಬಾರದೆಂದು ಅಂಜುತ್ತಿದ್ದ ಕೈಯೇ ಇದು. ಪುರಾಣಕಾರರು ಈ ಪ್ರಸಂಗವನ್ನು ಗುರುವಿನ ಲೀಲೆಯೆಂದು ಹೇಳಿ ಮುಂದೆ ಸಾಗುವರು. ಆದರೆ ಇದನ್ನು ಮುಚ್ಚಿಡದೆ ಉಳಿಸಿಕೊಂಡು ಬಂದುದು ನಮ್ಮ ಪರಂಪರೆಯ ಪ್ರಾಮಾಣಿಕತೆ. ಹರಿಹರನ ವ್ರತವು ದೊಡ್ಡದು. ಅರಮನೆಯ ಮುಖಸ್ತುತಿಯನ್ನು ಕಂಡು ಬೇಸತ್ತವನಿಗೆ ಅರಸನನ್ನು ನಾಯಕನನ್ನಾಗಿ ಮಾಡಿದ ಕಾವ್ಯವು ಮತ್ತೆ ದೋರಸಮುದ್ರದ ಓಲಗವನ್ನೇ ನೆನಪಿಗೆ ತಂದಿರಬಹುದು. ಆದರೂ ಹರಿಶ್ಚಂದ್ರನು ಸಿಂಹಾಸನದ ಅರಸನಲ್ಲ, ಸ್ಮಶಾನದ ಅರಸನು. ಅವನೂ ಮಾದಾರ ಚೆನ್ನಯ್ಯನ, ಇಳೆಯಾಂಡಗುಡಿಯ ಮಾರನ ಒಕ್ಕಲೇ. ಅಳಿಯನು ಮಾವನ ರಗಳೆಗಳಿಂದಲೇ ಕಲಿತುದನ್ನು ಮಾವನು ಆ ಗಳಿಗೆಯಲ್ಲಿ ಗುರುತಿಸದೆ ಹೋದನು.

ಮುಂದಿನದು ರಾಘವಾಂಕನ ಹಿರಿಮೆ. ಅವನು ಗುರುವನ್ನು ಬಿಡಲಿಲ್ಲ, ತನ್ನ ಕಾವ್ಯವನ್ನೂ ಬಿಡಲಿಲ್ಲ. ಪ್ರಾಯಶ್ಚಿತ್ತವೆಂದು ಸೋಮನಾಥಚರಿತೆ, ಸಿದ್ಧರಾಮಚರಿತ್ರೆ, ವೀರೇಶಚರಿತೆ, ಹರಿಹರಮಹತ್ತ್ವ, ಶರಭಚಾರಿತ್ರ ಎಂಬ ಐದು ಕೃತಿಗಳನ್ನು ರಚಿಸಿದನು; ಒಂದೊಂದು ಕೃತಿಗೆ ಒಂದೊಂದು ಹಲ್ಲು ಮರಳಿ ಮೂಡಿತೆಂದು ಪ್ರತೀತಿ. ಕೊನೆಯ ಎರಡು ಇಂದು ದೊರೆಯುವುದಿಲ್ಲ. ಸಿದ್ಧರಾಮಚರಿತ್ರೆಯನ್ನು ಓದಿದವರಿಗೆ ಇದು ಬರಿಯ ಪ್ರಾಯಶ್ಚಿತ್ತದ ಬರಹವಲ್ಲವೆಂದು ತಿಳಿಯುವುದು. ಸೊನ್ನಲಿಗೆಯಲ್ಲಿ ಕೆರೆಯನ್ನು ತೋಡಿಸಿ, ಗುಡಿಯನ್ನು ಕಟ್ಟಿಸಿ, ಲೋಕದ ಬಾಯಾರಿಕೆಯನ್ನು ತನ್ನದೆಂದುಕೊಂಡ ಯೋಗಿಯನ್ನು ರಾಘವಾಂಕನು ಮನವೊಲಿದು ಹಾಡಿರುವನು. ಮಾವ ಅಳಿಯಂದಿರ ನಡುವಣ ಬಿರುಕು ಮುಚ್ಚಿತು. ಹರಿಹರನು ತನ್ನ ಕೊನೆಗಾಲವನ್ನು ವಿರೂಪಾಕ್ಷನ ಸನ್ನಿಧಿಯಲ್ಲಿಯೇ ಕಳೆದನು. ಹರಿಶ್ಚಂದ್ರಕಾವ್ಯವು ಕನ್ನಡಿಗರ ಮನೆಮನೆಯ ಮಾತಾಯಿತು.

ಹರಿಹರನು ಬಿಟ್ಟುಬಂದ ಹೊಯ್ಸಳ ಆಸ್ಥಾನದಲ್ಲಿಯೇ ಉಳಿದು ಲೋಕೋಪಕಾರ ಮಾಡಿದ ಶಿವಭಕ್ತನೂ ಒಬ್ಬನುಂಟು. ಅವನು ಸಕಳೇಶ ಮಾದರಸನ ವಂಶದ ಪದ್ಮರಸನು. ನರಸಿಂಹನ ಮಂತ್ರಿಯಾಗಿದ್ದ ಅವನು ಬೇಲೂರಿನಲ್ಲಿ ಕೆರೆಯನ್ನು ಕಟ್ಟಿಸಿದನು. ದೀಕ್ಷಾಬೋಧೆಯೆಂಬ ಗ್ರಂಥವನ್ನು ಬರೆದವನು, ವಾದದಲ್ಲಿ ಪಂಡಿತರನ್ನು ಗೆದ್ದವನು. ಆದರೆ ಜನರು ಅವನ ಹೆಸರಿಗೆ ಸೇರಿಸಿದುದು ಗ್ರಂಥವನ್ನಲ್ಲ, ವಾದವನ್ನಲ್ಲ. ಕೆರೆಯ ಪದ್ಮರಸನೆಂದೇ ಕರೆದರು. ಅವನ ವಂಶದ ಪದ್ಮಣಾಂಕನು ಸುಮಾರು 1385ರಲ್ಲಿ ಬರೆದ ಪದ್ಮರಾಜಪುರಾಣವು ಅವನ ಚರಿತ್ರೆಗೆ ಮುಖ್ಯ ಆಕರವಾಗಿದೆ. ಒಬ್ಬನು ಆಸ್ಥಾನವನ್ನು ತೊರೆದು ಹೂವಾಡಿಗನಾದನು, ಇನ್ನೊಬ್ಬನು ಆಸ್ಥಾನದಲ್ಲಿದ್ದೇ ನೀರು ನಿಲ್ಲಿಸಿದನು. ಶಿವಪಥದಲ್ಲಿ ಇಬ್ಬರಿಗೂ ಎಡೆಯಿದ್ದಿತು.

ರಾಘವಾಂಕನು ಕೊನೆಗೆ ಬಂದು ನೆಲೆಸಿದುದು ಆ ಬೇಲೂರಿನಲ್ಲಿಯೇ. ಮಾವನು ಲೆಕ್ಕ ಬರೆದ ರಾಜಧಾನಿಗೆ ಹತ್ತು ಮೈಲಿ ದೂರದಲ್ಲಿ, ಹಂಪೆಯ ಆ ಹುಡುಗನು ಶಿವೈಕ್ಯನಾದನೆಂದು ಪರಂಪರೆಯು ಹೇಳುವುದು.